ಎದೆಯುರಿಯ ಗುಳಿಗೆಯೂ ಅದರ ಎರಡು ಹೆಸರುಗಳೂ

ಮನೆಯ ಹಿರಿಯರೊಬ್ಬರು ಎದೆಯುರಿಗೆಂದು ಹಲವು ವರ್ಷಗಳಿಂದ ಒಂದೇ ಹೆಸರಿನ ಗುಳಿಗೆಯನ್ನು ಸೇವಿಸುತ್ತಿರುತ್ತಾರೆ. ಒಂದು ದಿನ ಅದರ ಬದಲು, ಬೆಲೆಯಲ್ಲಿ ಬಹಳ ಕಡಿಮೆಯಾದ ಇನ್ನೊಂದು ಗುಳಿಗೆ ಮನೆಗೆ ಬರುತ್ತದೆ. ಬಣ್ಣ ಬೇರೆ, ಆಕಾರ ಬೇರೆ, ಸ್ಟ್ರಿಪ್ಪಿನ ಮೇಲಿನ ದೊಡ್ಡ ಅಕ್ಷರಗಳೂ ಬೇರೆ. ವಾರ ಕಳೆಯುವುದರೊಳಗಾಗಿ “ಇದು ಅದರ ಹಾಗೆ ಹಿಡಿಯುವುದಿಲ್ಲ” ಎಂಬ ದೂರು ಹುಟ್ಟುತ್ತದೆ. ಈ ದೂರನ್ನು ನಕ್ಕು ತಳ್ಳಿಹಾಕುವವರೂ ಉಂಟು. ಕೇಳಿದೊಡನೆಯೇ ನಂಬಿ ಹಳೆಯ ಗುಳಿಗೆಗೆ ಮರಳುವವರೂ ಉಂಟು. ವಿಜ್ಞಾನದ ವಿದ್ಯಾರ್ಥಿಗಳಾದ ನಾವು ಇವೆರಡನ್ನೂ ಮಾಡದೆ, ಎರಡು ಗುಳಿಗೆಗಳು ಒಂದೇ ಎಂದು ಹೇಳಬೇಕಾದರೆ ಏನನ್ನು ಅಳೆಯಬೇಕು, ಹೇಗೆ ಅಳೆಯಬೇಕು ಎಂಬುದನ್ನು ವಿಚಾರಿಸೋಣ. ಉದಾಹರಣೆಗೆ ಓಮೆಪ್ರಜೋಲ್ ಎಂಬ ಔಷಧಿಯನ್ನು ತೆಗೆದುಕೊಳ್ಳುತ್ತೇವೆ. ಅದರ ಕಥೆಯಲ್ಲಿ ರಸಾಯನಶಾಸ್ತ್ರ, ಶರೀರಶಾಸ್ತ್ರ, ವ್ಯಾಪಾರ, ನ್ಯಾಯಾಲಯ ಎಲ್ಲವೂ ಸೇರಿಕೊಂಡಿವೆ.

ನಮ್ಮ ಜಠರದಲ್ಲಿ ಒಸರುವ ಹುಳಿ ಹೈಡ್ರೋಕ್ಲೋರಿಕ್ ಆಮ್ಲವೇ ಎಂಬುದನ್ನು ೧೮೨೪ರಲ್ಲಿ ಇಂಗ್ಲೆಂಡಿನ ವಿಲಿಯಂ ಪ್ರೌಟ್ ಎಂಬವರು ತೋರಿಸಿಕೊಟ್ಟರು. ಪ್ರಯೋಗಶಾಲೆಯಲ್ಲಿ ಸೀಸೆಯನ್ನು ಜೋಪಾನವಾಗಿ ಹಿಡಿದು ಬಳಸುವ ಆಮ್ಲವನ್ನು ನಮ್ಮ ದೇಹವು ದಿನವೂ ತಾನೇ ತಯಾರಿಸಿಕೊಳ್ಳುತ್ತದೆ. ಜಠರದ ಒಳಗೋಡೆಗೆ ಲೋಳೆಯ ರಕ್ಷಣೆಯಿದೆ. ಅನ್ನನಾಳಕ್ಕೆ ಅಂತಹ ರಕ್ಷಣೆ ಸಾಲದು. ಇವೆರಡರ ನಡುವೆ ಬಾಗಿಲಿನಂತಿರುವ ಸ್ನಾಯುವಿನ ಬಳೆ ಹೊತ್ತಲ್ಲದ ಹೊತ್ತಿನಲ್ಲಿ ಸಡಿಲಗೊಂಡರೆ ಆಮ್ಲವು ಮೇಲಕ್ಕೇರಿ ಎದೆಯುರಿ, ಹುಳಿತೇಗುಗಳನ್ನು ತರುತ್ತದೆ. ಆದುದರಿಂದ ಆಮ್ಲದ ಉತ್ಪತ್ತಿಯನ್ನೇ ತಗ್ಗಿಸುವುದು ಒಂದು ಉಪಾಯ.

ಆಮ್ಲವನ್ನು ಕ್ಷಾರದಿಂದ ತಣಿಸುವ ಉಪಾಯ ಬಹಳ ಹಳೆಯದು. ಆಮ್ಲ ಹುಟ್ಟುವುದನ್ನೇ ತಡೆಯುವ ಮೊದಲ ಸಮರ್ಥ ಮದ್ದು ಸಿಮೆಟಿಡೀನ್. ಜೇಮ್ಸ್ ಬ್ಲ್ಯಾಕ್ ಮತ್ತು ಅವರ ಸಂಗಡಿಗರ ಶ್ರಮದ ಫಲವಾದ ಅದು ೧೯೭೬ರಲ್ಲಿ ಬ್ರಿಟನ್ನಿನ ಮಾರುಕಟ್ಟೆಗೆ ಬಂದಿತು. ೧೯೮೮ರಲ್ಲಿ ಬ್ಲ್ಯಾಕ್ ಅವರಿಗೆ ನೊಬೆಲ್ ಪಾರಿತೋಷಕದ ಪಾಲು ದೊರೆಯಿತು. ಸಿಮೆಟಿಡೀನ್ ಆಮ್ಲದ ಕೋಶಗಳಿಗೆ ಬರುವ ಆಜ್ಞೆಗಳಲ್ಲಿ ಒಂದನ್ನು ಮಾತ್ರ ತಡೆಯುತ್ತದೆ. ಸ್ವೀಡನ್ನಿನ ಹೆಸ್ಲೆ ಸಂಸ್ಥೆಯ ವಿಜ್ಞಾನಿಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಆಜ್ಞೆ ಎಲ್ಲಿಂದಲಾದರೂ ಬರಲಿ, ಆಮ್ಲವನ್ನು ಹೊರಗೆ ತಳ್ಳುವ ಯಂತ್ರವನ್ನೇ ನಿಲ್ಲಿಸುವ ವಸ್ತುವನ್ನು ಹುಡುಕಿದರು. ೧೯೭೯ರಲ್ಲಿ ಅವರು ತಯಾರಿಸಿದ ವಸ್ತುವೇ ಓಮೆಪ್ರಜೋಲ್. ೧೯೮೮ರಲ್ಲಿ ಅದು ಯೂರೋಪಿನಲ್ಲಿ ಲೋಸೆಕ್ ಎಂಬ ವ್ಯಾಪಾರನಾಮದಿಂದ ಮಾರಾಟಕ್ಕೆ ಬಂದಿತು.

ಆ ಯಂತ್ರವಾದರೂ ಯಾವುದು? ಜಠರಭಿತ್ತಿಯ ಕೋಶಗಳಲ್ಲಿ ಒಂದು ಬಗೆಯ ಪ್ರೋಟೀನು ಇದೆ. ಅದು ಪೊಟ್ಯಾಸಿಯಂ ಅಯಾನುಗಳನ್ನು ಒಳಕ್ಕೆ ಸೆಳೆದುಕೊಂಡು, ಅದಕ್ಕೆ ಬದಲಾಗಿ ಜಲಜನಕದ ಅಯಾನುಗಳನ್ನು ಹೊರಕ್ಕೆ ನೂಕುತ್ತದೆ. ಜಲಜನಕದ ಅಯಾನೆಂದರೆ ಪ್ರೋಟಾನ್ ಅಷ್ಟೆ. ಹೀಗಾಗಿ ಈ ಪ್ರೋಟೀನಿಗೆ ಪ್ರೋಟಾನ್ ಪಂಪು ಎಂಬ ಹೆಸರು. ರಕ್ತದಲ್ಲಿರುವುದಕ್ಕಿಂತ ಹತ್ತು ಲಕ್ಷ ಪಟ್ಟಿಗೂ ಮಿಗಿಲಾದ ಸಾಂದ್ರತೆಯಲ್ಲಿ ಪ್ರೋಟಾನುಗಳನ್ನು ಒಂದೆಡೆ ಕೂಡಿಹಾಕುವ ಪಂಪು ಇದು!

ಓಮೆಪ್ರಜೋಲ್ ಈ ಪಂಪನ್ನು ನಿಲ್ಲಿಸುವ ರೀತಿ ಅತ್ಯಂತ ಕುತೂಹಲಕರವಾದುದು. ಅದು ತನ್ನಷ್ಟಕ್ಕೆ ತಾನು ನಿರುಪದ್ರವಿಯಾದ ದುರ್ಬಲ ಪ್ರತ್ಯಾಮ್ಲ. ರಕ್ತದ ಮೂಲಕ ಆಮ್ಲದ ಕೋಶವನ್ನು ತಲುಪಿ, ಅಲ್ಲಿನ ಹುಳಿಯಾದ ಸೂಕ್ಷ್ಮನಾಳಗಳನ್ನು ಹೊಕ್ಕ ಕೂಡಲೆ ಪ್ರೋಟಾನನ್ನು ಹಿಡಿದುಕೊಂಡು ಹೊರಬರಲಾರದೆ ಸಿಕ್ಕಿಬೀಳುತ್ತದೆ. ಆಮ್ಲವೇ ಅದರ ಅಣುವಿನ ರಚನೆಯನ್ನು ಮಾರ್ಪಡಿಸುತ್ತದೆ. ಮಾರ್ಪಟ್ಟ ಅಣು ಪಂಪಿನ ಪ್ರೋಟೀನಿನಲ್ಲಿರುವ ಗಂಧಕದ ಪರಮಾಣುವಿನೊಡನೆ ಗಟ್ಟಿಯಾದ ಬಂಧವನ್ನು ಬೆಳೆಸುತ್ತದೆ. ಆ ಪಂಪು ಅಲ್ಲಿಗೆ ಕೆಲಸಕ್ಕೆ ಬಾರದಾಯಿತು. ಕೋಶವು ಹೊಸ ಪಂಪುಗಳನ್ನು ಕಟ್ಟುವವರೆಗೆ ಆಮ್ಲ ಕಡಿಮೆ. ಇದರಿಂದಲೇ, ರಕ್ತದಲ್ಲಿನ ಓಮೆಪ್ರಜೋಲಿನ ಪ್ರಮಾಣ ಗಂಟೆಗೊಮ್ಮೆ ಹೆಚ್ಚುಕಡಿಮೆ ಅರ್ಧಕ್ಕಿಳಿದು ಕೆಲವೇ ಗಂಟೆಗಳಲ್ಲಿ ಮದ್ದು ಮಾಯವಾದರೂ ಅದರ ಪರಿಣಾಮ ಒಂದು ದಿನಕ್ಕಿಂತ ಹೆಚ್ಚು ಕಾಲ ಉಳಿಯುತ್ತದೆ. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ನಮಗೆ ಇದರ ಅಗತ್ಯವಿದೆ.

ಇಲ್ಲೊಂದು ತೊಡಕು. ಮದ್ದನ್ನು ಚುರುಕುಗೊಳಿಸುವ ಆಮ್ಲವೇ ಅದನ್ನು ಹಾಳುಮಾಡುವುದೂ ಹೌದು. ಬರಿಯ ಓಮೆಪ್ರಜೋಲ್ ಪುಡಿಯನ್ನು ನುಂಗಿದರೆ ಅದು ರಕ್ತವನ್ನು ಸೇರುವ ಮೊದಲೇ ಜಠರದೊಳಗಿನ ಹುಳಿಯಲ್ಲಿ ಬಹುಮಟ್ಟಿಗೆ ನಷ್ಟವಾಗುತ್ತದೆ. ಆದಕಾರಣ ಅದನ್ನು ಸಾಸಿವೆಯಂತಹ ಸಣ್ಣ ಗುಂಡುಗಳನ್ನಾಗಿ ಮಾಡಿ, ಆಮ್ಲದಲ್ಲಿ ಕರಗದೆ ಕರುಳಿನಲ್ಲಿ ಮಾತ್ರ ಕರಗುವ ಹೊದಿಕೆಯನ್ನು ಅವುಗಳಿಗೆ ಬಳಿದು, ಕ್ಯಾಪ್ಸೂಲಿನಲ್ಲಿ ತುಂಬುತ್ತಾರೆ. ಈ ಹೊದಿಕೆಯ ವಸ್ತುವೂ ಕೊಂಚ ಆಮ್ಲಗುಣವುಳ್ಳದ್ದೇ! ಅದು ಒಳಗಿನ ಮದ್ದಿಗೆ ತಾಗಿದರೆ ಮದ್ದು ಕೆಡುತ್ತದೆ. ಸ್ವೀಡನ್ನಿನವರು ಒಳಗಿನ ತಿರುಳಿಗೆ ಕ್ಷಾರವನ್ನು ಬೆರೆಸಿ, ತಿರುಳಿಗೂ ಹೊರಹೊದಿಕೆಗೂ ನಡುವೆ ಇನ್ನೊಂದು ತೆಳುವಾದ ಪದರವನ್ನಿಟ್ಟು ಈ ಸಮಸ್ಯೆಯನ್ನು ಬಿಡಿಸಿದರು. ಇಂತಹ ಕ್ಯಾಪ್ಸೂಲನ್ನು ಅಗಿಯಬಾರದು, ಗುಂಡುಗಳನ್ನು ಅರೆಯಬಾರದು ಎಂದು ವೈದ್ಯರು ಹೇಳುವುದಕ್ಕೆ ಕಾರಣ ಇದೇ.

ಇನ್ನು ಹೆಸರುಗಳ ವಿಚಾರ. ಪ್ರತಿಯೊಂದು ಔಷಧಿಗೂ ಮೂರು ಹೆಸರು. ರಸಾಯನಶಾಸ್ತ್ರದ ನಿಯಮದಂತೆ ಇಡುವ, ನಾಲಗೆ ಹೊರಳದ ಉದ್ದನೆಯ ಹೆಸರು ಒಂದು. ವಿಶ್ವ ಆರೋಗ್ಯ ಸಂಸ್ಥೆಯ ಏರ್ಪಾಡಿನಂತೆ ಎಲ್ಲ ದೇಶಗಳಲ್ಲಿಯೂ ಬಳಸುವ ಸಾಮಾನ್ಯನಾಮ ಎರಡನೆಯದು. ತಯಾರಕನು ತನ್ನದೇ ಸೊತ್ತಾಗಿ ಇಟ್ಟುಕೊಳ್ಳುವ ವ್ಯಾಪಾರನಾಮ ಮೂರನೆಯದು. ಓಮೆಪ್ರಜೋಲ್, ಲ್ಯಾನ್ಸೊಪ್ರಜೋಲ್, ಪ್ಯಾಂಟೊಪ್ರಜೋಲ್, ರಾಬೆಪ್ರಜೋಲ್ ಈ ಸಾಮಾನ್ಯನಾಮಗಳ ಬಾಲವನ್ನು ನೋಡಿದರೇ ಇವೆಲ್ಲ ಒಂದೇ ಮನೆತನದವೆಂದು ತಿಳಿಯುತ್ತದೆ. (ಆದರೆ ಅರಿಪಿಪ್ರಜೋಲ್ ಎಂಬುದು ಮನೋರೋಗದ ಔಷಧಿ, ಅದು ಈ ಮನೆಯದಲ್ಲ. ಬಾಲದಲ್ಲಿ ಒಂದಕ್ಷರ ಹೆಚ್ಚಿದರೂ ಕುಲ ಬದಲಾಗುತ್ತದೆ.) ವ್ಯಾಪಾರನಾಮದಿಂದ ಇಂತಹ ತಿಳಿವಳಿಕೆ ದೊರೆಯುವುದಿಲ್ಲ. ಅಮೆರಿಕದಲ್ಲಿ ಲೋಸೆಕ್ ಎಂಬ ಹೆಸರನ್ನು ಮೂತ್ರ ಹೆಚ್ಚಿಸುವ ಲ್ಯಾಸಿಕ್ಸ್ ಎಂಬ ಮದ್ದಿನ ಹೆಸರೆಂದು ತಪ್ಪಾಗಿ ಓದುವ ಪ್ರಸಂಗಗಳು ಒದಗಿ, ೧೯೯೦ರಲ್ಲಿ ಅದನ್ನು ಪ್ರಿಲೋಸೆಕ್ ಎಂದು ಬದಲಾಯಿಸಬೇಕಾಯಿತು.

ಪೇಟೆಂಟಿನ ಅವಧಿ ಇರುವವರೆಗೆ ಮೊದಲು ಕಂಡುಹಿಡಿದವರು ಮಾತ್ರ ಔಷಧಿಯನ್ನು ಮಾರಬಹುದು. ಅವಧಿ ಮುಗಿದ ತರುವಾಯ ಬೇರೆಯವರೂ ಅದೇ ವಸ್ತುವನ್ನು ತಯಾರಿಸಿ ಸಾಮಾನ್ಯನಾಮದಿಂದ ಮಾರಬಹುದು. ಇವೇ ಜೆನೆರಿಕ್ ಔಷಧಿಗಳು. ಅಮೆರಿಕದಲ್ಲಿ ಓಮೆಪ್ರಜೋಲ್ ವಸ್ತುವಿನ ಮೇಲಿನ ಹಕ್ಕು ೨೦೦೧ರಲ್ಲಿ ಮುಗಿಯಿತು. ಆದರೂ ಜೆನೆರಿಕ್ ಗುಳಿಗೆ ಕೂಡಲೆ ಬರಲಿಲ್ಲ. ಮದ್ದಿನ ಮೇಲಿನ ಹಕ್ಕು ಹೋದರೂ, ನಾವು ಮೇಲೆ ವರ್ಣಿಸಿದ ನಡುಪದರದ ಮೇಲಿನ ಹಕ್ಕು ಉಳಿದಿತ್ತು! ನಾಲ್ಕು ಜೆನೆರಿಕ್ ತಯಾರಕರ ಮೇಲೆ ದಾವೆ ನಡೆಯಿತು. ಅವರಲ್ಲಿ ಹೈದರಾಬಾದಿನ ಕಂಪನಿಯೂ ಒಂದು. ೨೦೦೨ರ ಅಕ್ಟೋಬರಿನಲ್ಲಿ ಬಂದ ತೀರ್ಪಿನ ಪ್ರಕಾರ ಮೂವರು ಆ ಹಕ್ಕನ್ನು ಮೀರಿದ್ದರು, ನಾಲ್ಕನೆಯವರ ಗುಂಡುಗಳ ರಚನೆ ಮಾತ್ರ ಬೇರೆಯಾಗಿತ್ತು. ಅದೇ ವರ್ಷದ ಡಿಸೆಂಬರಿನಲ್ಲಿ ಅವರ ಗುಳಿಗೆ ಅಂಗಡಿಗೆ ಬಂದಿತು. ಕೂದಲಿಗಿಂತ ತೆಳುವಾದ ಒಂದು ಪದರದ ಮೇಲೆ ಇಷ್ಟು ದೊಡ್ಡ ವ್ಯಾಜ್ಯ!

ಮೂಲ ಸಂಸ್ಥೆಯೂ ಸುಮ್ಮನಿರಲಿಲ್ಲ. ಓಮೆಪ್ರಜೋಲಿನ ಅಣುವಿಗೆ ಎಡಗೈ ಬಲಗೈಗಳಂತೆ ಪರಸ್ಪರ ಪ್ರತಿಬಿಂಬವಾದ ಎರಡು ರೂಪಗಳಿವೆ. ಅವುಗಳಲ್ಲಿ ಒಂದನ್ನೇ ಬೇರ್ಪಡಿಸಿ, ಎಸೊಮೆಪ್ರಜೋಲ್ ಎಂದು ಹೆಸರಿಟ್ಟು, ೨೦೦೧ರಲ್ಲಿ ಅಮೆರಿಕದಲ್ಲಿ ನೆಕ್ಸಿಯಂ ಎಂಬ ವ್ಯಾಪಾರನಾಮದಿಂದ ಬಿಡುಗಡೆ ಮಾಡಿತು. ಆಮ್ಲದಲ್ಲಿ ಮಾರ್ಪಟ್ಟ ಮೇಲೆ ಎರಡು ರೂಪಗಳಿಂದಲೂ ಹುಟ್ಟುವ ಚುರುಕು ವಸ್ತು ಒಂದೇ. ಅದಕ್ಕೆ ಎಡಬಲಗಳ ಭೇದವಿಲ್ಲ. ಯಕೃತ್ತು ಅವೆರಡನ್ನು ಕರಗಿಸುವ ವೇಗದಲ್ಲಿ ಮಾತ್ರ ವ್ಯತ್ಯಾಸವುಂಟು. ಹೊಸದು ಮೇಲೆಂದು ತೋರಿಸಿದ ಮುಖ್ಯ ಪರೀಕ್ಷೆಗಳಲ್ಲಿ ಅದರ ೪೦ ಮಿಲಿಗ್ರಾಮನ್ನು ಹಳೆಯದರ ೨೦ ಮಿಲಿಗ್ರಾಮಿನೊಡನೆ ಹೋಲಿಸಲಾಗಿತ್ತು. ಇದನ್ನು ನ್ಯಾಯವಾದ ಹೋಲಿಕೆಯೆಂದು ನಾವು ಒಪ್ಪಲಾರೆವು. ಅದೇನೇ ಇರಲಿ, ಓಮೆಪ್ರಜೋಲನ್ನು ಬಿಟ್ಟು ಎಸೊಮೆಪ್ರಜೋಲನ್ನೋ ಪ್ಯಾಂಟೊಪ್ರಜೋಲನ್ನೋ ಹಿಡಿದರೆ ಅದು ಔಷಧಿಯನ್ನೇ ಬದಲಾಯಿಸಿದಂತೆ. ಬ್ರಾಂಡಿನಿಂದ ಜೆನೆರಿಕ್ಕಿಗೆ ಹೋದಂತಲ್ಲ.

ಒಳಗಿನ ವಸ್ತು ಅದೇ, ತೂಕ ಅದೇ ಎಂದ ಮೇಲೆ ಪರಿಣಾಮವೂ ಅದೇ ಆಗಲೇಬೇಕಲ್ಲವೆ ಎಂದು ವಿದ್ಯಾರ್ಥಿಗಳು ಕೇಳಬಹುದು. ಆಗಬೇಕೆಂದೇನೂ ಇಲ್ಲ. ೧೯೬೮ರಲ್ಲಿ ಆಸ್ಟ್ರೇಲಿಯದ ಬ್ರಿಸ್ಬೇನ್ ನಗರದಲ್ಲಿ ಮೂರ್ಛೆರೋಗಕ್ಕೆ ಫೆನಿಟಾಯಿನ್ ಸೇವಿಸುತ್ತಿದ್ದ ರೋಗಿಗಳಲ್ಲಿ ಹಠಾತ್ತಾಗಿ ವಿಷಲಕ್ಷಣಗಳು ಕಾಣಿಸಿಕೊಂಡವು. ಮದ್ದಿನ ಪ್ರಮಾಣ ಬದಲಾಗಿರಲಿಲ್ಲ. ಕ್ಯಾಪ್ಸೂಲನ್ನು ತುಂಬಲು ಬಳಸುತ್ತಿದ್ದ ಕ್ಯಾಲ್ಸಿಯಂ ಸಲ್ಫೇಟಿನ ಬದಲು ಲ್ಯಾಕ್ಟೋಸ್ ಎಂಬ ಹಾಲಿನ ಸಕ್ಕರೆಯನ್ನು ಬಳಸಿದ್ದರು, ಅಷ್ಟೆ. ಹಳೆಯ ತುಂಬುವಸ್ತುವಿನೊಡನೆ ಪೂರ್ತಿಯಾಗಿ ರಕ್ತಕ್ಕೆ ಸೇರದಿದ್ದ ಮದ್ದು ಈಗ ಹೆಚ್ಚಾಗಿ ಸೇರತೊಡಗಿತು. ೧೯೭೧ರಲ್ಲಿ ಅಮೆರಿಕದಲ್ಲಿ ಹೃದ್ರೋಗದ ಡಿಗಾಕ್ಸಿನ್ ಮಾತ್ರೆಗಳನ್ನು ಹೋಲಿಸಿದಾಗ, ಸಮಪ್ರಮಾಣದ ಮಾತ್ರೆಗಳಿಂದ ರಕ್ತದಲ್ಲಿ ಉಂಟಾದ ಮಟ್ಟಗಳಲ್ಲಿ ಏಳು ಪಟ್ಟಿನವರೆಗೆ ಅಂತರ ಕಂಡುಬಂದಿತು. ಮಾತ್ರೆಯಲ್ಲಿ ಎಷ್ಟಿದೆ ಎಂಬುದಷ್ಟೇ ಸಾಲದು, ರಕ್ತಕ್ಕೆ ಎಷ್ಟು ಹೋಯಿತು, ಎಷ್ಟು ಬೇಗ ಹೋಯಿತು ಎಂಬುದನ್ನೂ ಅಳೆಯಬೇಕೆಂಬ ತತ್ತ್ವ ಹೀಗೆ ನೆಲೆಗೊಂಡಿತು. ಇದಕ್ಕೆ ಜೈವಿಕ ಸಮಾನತೆಯ ಪರೀಕ್ಷೆ ಎಂದು ಹೆಸರು. ೧೯೮೪ರಲ್ಲಿ ಅಮೆರಿಕದ ಶಾಸನವೊಂದು, ಈ ಸಮಾನತೆಯನ್ನು ತೋರಿಸಿದ ಜೆನೆರಿಕ್ ತಯಾರಕನು ಸಾವಿರಾರು ರೋಗಿಗಳ ಮೇಲೆ ಪರೀಕ್ಷೆಗಳನ್ನು ಮತ್ತೆ ನಡೆಸಬೇಕಾಗಿಲ್ಲವೆಂದು ವಿಧಿಸಿತು. ಬೆಲೆ ಇಳಿಯುವುದರ ಗುಟ್ಟು ಮುಖ್ಯವಾಗಿ ಇಲ್ಲಿದೆ.

ಪರೀಕ್ಷೆಯ ಕ್ರಮ ಹೀಗಿದೆ. ಆರೋಗ್ಯವಂತರಾದ ಕೆಲವು ಡಜನ್ ಸ್ವಯಂಸೇವಕರನ್ನು ಆರಿಸಿ, ಅರ್ಧ ಜನರಿಗೆ ಮೊದಲು ಮೂಲದ ಗುಳಿಗೆಯನ್ನೂ ಉಳಿದರ್ಧಕ್ಕೆ ಜೆನೆರಿಕ್ ಗುಳಿಗೆಯನ್ನೂ ಕೊಡುತ್ತಾರೆ. ಕೆಲವು ದಿನಗಳ ಬಿಡುವಿನ ನಂತರ ಅದಲುಬದಲು. ಪ್ರತಿಯೊಬ್ಬನೂ ತನಗೆ ತಾನೇ ಹೋಲಿಕೆ. ಗುಳಿಗೆ ನುಂಗಿದ ಮೇಲೆ ಆಗಾಗ ರಕ್ತ ತೆಗೆದು, ಮದ್ದಿನ ಸಾಂದ್ರತೆಯನ್ನು ಕಾಲಕ್ಕೆದುರಾಗಿ ರೇಖಾಚಿತ್ರದಲ್ಲಿ ಗುರುತಿಸಿದರೆ ಗುಡ್ಡದಂತಹ ವಕ್ರರೇಖೆ ದೊರೆಯುತ್ತದೆ. ಗುಡ್ಡದ ಶಿಖರ ಒಂದು ಅಳತೆ. ಗುಡ್ಡದ ಕೆಳಗಿನ ಕ್ಷೇತ್ರಫಲ, ಅಂದರೆ ದೇಹಕ್ಕೆ ದೊರೆತ ಒಟ್ಟು ಮದ್ದಿನ ಸೂಚಕ, ಇನ್ನೊಂದು. ಕಲನಶಾಸ್ತ್ರವನ್ನು ಓದುತ್ತಿರುವವರಿಗೆ ಇದು ಅನುಕಲನವೆಂದು ಹೊಳೆದಿರಬೇಕು.

ಜೆನೆರಿಕ್ಕಿನ ಅಳತೆಯನ್ನು ಮೂಲದ ಅಳತೆಯಿಂದ ಭಾಗಿಸಿ ಶೇಕಡಾವಾರು ಹೇಳಿದರೆ, ಅದು ೮೦ರಿಂದ ೧೨೫ರೊಳಗೆ ಇರಬೇಕೆಂಬುದು ನಿಯಮ. ೮೦ ಎಂದರೆ ಐದನೆಯ ನಾಲ್ಕು; ೧೨೫ ಎಂದರೆ ನಾಲ್ಕನೆಯ ಐದು. ಒಂದು ಇನ್ನೊಂದರ ವಿಲೋಮ. ಅನುಪಾತಗಳನ್ನು ಲಾಗರಿದಮ್ಮಿನಲ್ಲಿ ಲೆಕ್ಕಿಸುವುದರಿಂದ ಈ ಎರಡು ಮಿತಿಗಳು ನೂರರಿಂದ ಸಮದೂರದಲ್ಲಿವೆ. ಈ ಅಂಕಿಗಳನ್ನು ಕೇಳಿ “ಹಾಗಾದರೆ ಜೆನೆರಿಕ್ ಗುಳಿಗೆಯಲ್ಲಿ ಐದನೆಯ ಒಂದು ಪಾಲು ಮದ್ದು ಕಡಿಮೆಯಿರಬಹುದು” ಎಂದು ಹೇಳುವವರಿದ್ದಾರೆ; ವೈದ್ಯರಲ್ಲಿಯೂ ಕೆಲವರಿದ್ದಾರೆ. ಇದು ಶುದ್ಧ ತಪ್ಪು ಗ್ರಹಿಕೆ. ನಿಯಮವು ಗುಳಿಗೆಯೊಳಗಿನ ಮದ್ದಿನ ತೂಕವನ್ನು ಕುರಿತದ್ದಲ್ಲ. ಸರಾಸರಿಯನ್ನು ಮಾತ್ರ ಕುರಿತದ್ದೂ ಅಲ್ಲ. ಕೆಲವೇ ಜನರ ಮೇಲಿನ ಪರೀಕ್ಷೆಯಿಂದ ಬಂದ ಸರಾಸರಿಯಲ್ಲಿ ಅನಿಶ್ಚಯ ಇದ್ದೇ ಇರುತ್ತದೆ. ಆ ಅನಿಶ್ಚಯದ ಹರವನ್ನು ಶೇಕಡ ೯೦ರ ಭರವಸೆಯ ಮಟ್ಟದಲ್ಲಿ ಲೆಕ್ಕಹಾಕಿ, ಆ ಹರವಿನ ಎರಡು ತುದಿಗಳೂ ೮೦–೧೨೫ರ ಒಳಗಿರಬೇಕೆಂಬುದು ನಿಯಮ. ಕಲ್ಪಿತವಾದ ಒಂದು ಲೆಕ್ಕ ನೋಡೋಣ. ಒಂದು ಗುಳಿಗೆಯ ಸರಾಸರಿ ೯೬, ಹರವು ೯೦ರಿಂದ ೧೦೨; ಇದು ತೇರ್ಗಡೆ. ಇನ್ನೊಂದರ ಸರಾಸರಿ ೮೮, ಹರವು ೭೯ರಿಂದ ೯೮. ಸರಾಸರಿ ಮಿತಿಯೊಳಗಿದ್ದರೂ ಕೆಳತುದಿ ೮೦ಕ್ಕಿಂತ ಕೆಳಗಾದುದರಿಂದ ಇದು ನಪಾಸು. ನೂರಕ್ಕೆ ಹತ್ತಿರವಿರದ ಗುಳಿಗೆ ಈ ಬಾಗಿಲನ್ನು ದಾಟುವುದು ಕಷ್ಟ. ೧೯೯೬ರಿಂದ ೨೦೦೭ರವರೆಗೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ಮುಂದೆ ಬಂದ ೨,೦೭೦ ಪರೀಕ್ಷೆಗಳನ್ನು ಒಟ್ಟಾಗಿ ಪರಿಶೀಲಿಸಿ ೨೦೦೯ರಲ್ಲಿ ಪ್ರಕಟಿಸಿದ ವರದಿಯಂತೆ, ಮೂಲಕ್ಕೂ ಜೆನೆರಿಕ್ಕಿಗೂ ಸರಾಸರಿ ವ್ಯತ್ಯಾಸ ಕ್ಷೇತ್ರಫಲದಲ್ಲಿ ಶೇಕಡ ೩.೫೬, ಶಿಖರದಲ್ಲಿ ಶೇಕಡ ೪.೩೫. ಒಂದೇ ಗುಳಿಗೆ ಇಬ್ಬರು ಮನುಷ್ಯರಲ್ಲಿ ತೋರುವ ವ್ಯತ್ಯಾಸ ಇದಕ್ಕಿಂತ ಎಷ್ಟೋ ದೊಡ್ಡದು. ಏಕೆಂದರೆ ಓಮೆಪ್ರಜೋಲನ್ನು ಕರಗಿಸುವ ಯಕೃತ್ತಿನ ಕಿಣ್ವ ಕೆಲವರಲ್ಲಿ ಹುಟ್ಟಿನಿಂದಲೇ ಚುರುಕು, ಕೆಲವರಲ್ಲಿ ಮಂದ.

ನಿಯಮವಿದ್ದ ಮಾತ್ರಕ್ಕೆ ಎಲ್ಲವೂ ನೆಟ್ಟಗಿರುತ್ತದೆಂದು ನಾವು ಹೇಳುತ್ತಿಲ್ಲ. ಲ್ಯಾನ್ಸೊಪ್ರಜೋಲಿನ ಒಂದು ಜೆನೆರಿಕ್ ಮಾತ್ರೆ ನೀರಿನಲ್ಲಿ ಕದಡಿದಾಗ ಗಂಟುಕಟ್ಟಿ, ನಳಿಕೆಯ ಮೂಲಕ ಆಹಾರ ಪಡೆಯುವ ರೋಗಿಗಳ ನಳಿಕೆಗಳನ್ನು ಮುಚ್ಚುತ್ತಿದೆಯೆಂದು ೨೦೧೧ರಲ್ಲಿ ಅಮೆರಿಕದ ಆಡಳಿತ ಎಚ್ಚರಿಸಿತು. ಮದ್ದು ಸರಿಯಾಗಿಯೇ ಇತ್ತು, ತೊಂದರೆ ಕೊಟ್ಟದ್ದು ಅದರ ಜೊತೆಗಿದ್ದ ವಸ್ತುಗಳು. ಖಿನ್ನತೆಗೆ ಕೊಡುವ ಬ್ಯುಪ್ರೊಪಿಯಾನಿನ ೩೦೦ ಮಿಲಿಗ್ರಾಮಿನ ಒಂದು ಜೆನೆರಿಕ್ ಮಾತ್ರೆಯ ವಿಷಯದಲ್ಲಿ ರೋಗಿಗಳು ವರ್ಷಗಟ್ಟಲೆ ದೂರಿದರು. ಅದಕ್ಕೆ ಅನುಮತಿ ಕೊಟ್ಟದ್ದು ೧೫೦ ಮಿಲಿಗ್ರಾಮಿನ ಮಾತ್ರೆಯ ಪರೀಕ್ಷೆಯನ್ನು ನೋಡಿ. ಕೊನೆಗೆ ದೊಡ್ಡ ಮಾತ್ರೆಯನ್ನೇ ಪರೀಕ್ಷಿಸಿದಾಗ ಅದು ಸಮಾನವಲ್ಲವೆಂದು ತಿಳಿದು, ೨೦೧೨ರಲ್ಲಿ ಮಾರುಕಟ್ಟೆಯಿಂದ ಹೊರಗೆ ಹೋಯಿತು. ಹೊಸ ಗುಳಿಗೆ ಹಿಡಿಯುವುದಿಲ್ಲ ಎಂಬ ರೋಗಿಯ ಮಾತನ್ನು ಕಿವಿಗೊಟ್ಟು ಕೇಳಬೇಕಾದುದು ಇದಕ್ಕಾಗಿಯೇ. ಇನ್ನು ೨೦೧೩ರಲ್ಲಿ, ನಮ್ಮ ದೇಶದ ರಾನ್‌ಬ್ಯಾಕ್ಸಿ ಸಂಸ್ಥೆಯ ಅಮೆರಿಕದ ಅಂಗಸಂಸ್ಥೆ ಅಲ್ಲಿನ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡು, ಐವತ್ತು ಕೋಟಿ ಡಾಲರ್ ತೆರಲು ಒಪ್ಪಿತು. ಪಾವೋಂಟಾ ಸಾಹಿಬ್ ಮತ್ತು ದೇವಾಸ್‌ಗಳ ಕಾರ್ಖಾನೆಗಳ ಔಷಧಿಗಳಿಗೆ ಸಂಬಂಧಿಸಿದ ವ್ಯವಹಾರವದು. ಮತ್ತೊಂದು ಕಡೆ, ಎದೆಯುರಿಗೇ ಕೊಡುತ್ತಿದ್ದ ರಾನಿಟಿಡೀನಿನಲ್ಲಿ ಕ್ಯಾನ್ಸರ್ ತರಬಹುದಾದ ಕಲ್ಮಷ ಕಂಡು, ೨೦೨೦ರ ಏಪ್ರಿಲಿನಲ್ಲಿ ಅಮೆರಿಕದ ಮಾರುಕಟ್ಟೆಯಿಂದ ಅದನ್ನು ತೆಗೆಯಲು ಆಡಳಿತ ಕೇಳಿದಾಗ ದೊಡ್ಡ ಹೆಸರಿನದೂ ಜೆನೆರಿಕ್ಕೂ ಒಟ್ಟಿಗೇ ಹೋದವು.

ಭಾರತದ ಸ್ಥಿತಿ ಅಮೆರಿಕದ್ದಕ್ಕಿಂತ ಬೇರೆ. ೧೯೭೦ರ ಪೇಟೆಂಟ್ ಶಾಸನವು ಔಷಧಿಯ ತಯಾರಿಕೆಯ ವಿಧಾನಕ್ಕೆ ಮಾತ್ರ ಹಕ್ಕನ್ನು ಕೊಟ್ಟಿತು, ವಸ್ತುವಿಗಲ್ಲ. ೨೦೦೫ರಲ್ಲಿ ವಸ್ತುವಿಗೂ ಹಕ್ಕು ಬಂದಿತು. ಈ ನಡುವಿನ ಕಾಲದಲ್ಲಿ ನಮ್ಮ ತಯಾರಕರು ಹೊಸ ಔಷಧಿಗಳನ್ನು ಬೇರೆ ವಿಧಾನಗಳಿಂದ ಮಾಡಿ, ಪ್ರತಿಯೊಬ್ಬರೂ ತಮ್ಮದೇ ವ್ಯಾಪಾರನಾಮವಿಟ್ಟು ಮಾರಿದರು. ಹೀಗಾಗಿ ಇಲ್ಲಿ ನಾವು ದೊಡ್ಡ ಹೆಸರಿನ ಬ್ರಾಂಡು ಎಂದು ತಿಳಿದಿರುವ ಓಮೆಪ್ರಜೋಲ್ ಗುಳಿಗೆಯೂ ಸಾಮಾನ್ಯವಾಗಿ ಸ್ವೀಡನ್ನಿನ ಮೂಲದ್ದಲ್ಲ; ಹೆಸರಿಟ್ಟುಕೊಂಡ ಜೆನೆರಿಕ್ಕೇ! ಅದನ್ನು ಬಿಟ್ಟು ೨೦೦೮ರಲ್ಲಿ ಆರಂಭವಾದ ಜನೌಷಧಿ ಯೋಜನೆಯ ಅಂಗಡಿಯ ಗುಳಿಗೆಯನ್ನು ಕೊಂಡವನು ಒಂದು ಜೆನೆರಿಕ್ಕಿನಿಂದ ಇನ್ನೊಂದಕ್ಕೆ ಹೋದನೆಂದೇ ಅರ್ಥ. ನೀರಿನಲ್ಲಿ ಸುಲಭವಾಗಿ ಕರಗದ ವರ್ಗಗಳ ಔಷಧಿಗಳಿಗೆ ಪರವಾನಗಿ ಕೇಳುವಾಗ ಜೈವಿಕ ಸಮಾನತೆಯ ಪರೀಕ್ಷೆಯ ಫಲವನ್ನು ಒಪ್ಪಿಸಬೇಕೆಂಬ ನಿಯಮ ನಮ್ಮಲ್ಲಿ ಬಂದದ್ದು ೨೦೧೭ರ ಏಪ್ರಿಲಿನಲ್ಲಿ. ಇದು ಇನ್ನೂ ಮುಂಚೆಯೇ ಬರಬೇಕಾಗಿತ್ತೆಂಬುದು ನಮ್ಮ ಅಭಿಪ್ರಾಯ.

ಗುಳಿಗೆಗಳು ಸಮಾನವಾಗಿಯೇ ಇದ್ದರೂ ದೂರು ಹುಟ್ಟುವುದಕ್ಕೆ ಕಾರಣಗಳುಂಟು. ಹಳೆಯದು ಮುಗಿದು ಹೊಸದು ಬರುವ ನಡುವೆ ನಾಲ್ಕಾರು ದಿನ ಮದ್ದು ತಪ್ಪಿತೆನ್ನಿ. ಬಹುಕಾಲ ತಡೆಹಿಡಿದಿದ್ದ ಆಮ್ಲ ಆಗ ಮೊದಲಿಗಿಂತಲೂ ಹೆಚ್ಚಾಗಿ ಉಕ್ಕುತ್ತದೆ. ೨೦೦೯ರಲ್ಲಿ ಡೆನ್ಮಾರ್ಕಿನಲ್ಲಿ ಎದೆಯುರಿಯೇ ಇಲ್ಲದ ೧೨೦ ಆರೋಗ್ಯವಂತರ ಮೇಲೆ ನಡೆಸಿದ ಪರೀಕ್ಷೆಯಲ್ಲಿ, ಎಂಟು ವಾರ ಎಸೊಮೆಪ್ರಜೋಲ್ ಸೇವಿಸಿ ನಿಲ್ಲಿಸಿದವರ ಪೈಕಿ ಶೇಕಡ ೪೪ ಜನರಿಗೆ ಅನಂತರದ ನಾಲ್ಕು ವಾರಗಳಲ್ಲಿ ಹುಳಿಯ ಬಾಧೆ ಕಾಣಿಸಿತು. ಬರಿಯ ಹುಸಿಗುಳಿಗೆ ನುಂಗಿದವರಲ್ಲಿ ಶೇಕಡ ೧೫ ಜನರಿಗೆ ಮಾತ್ರ. ಇಂತಹ ಉಕ್ಕಿನ ನಡುವೆ ಹೊಸ ಗುಳಿಗೆ ಬಂದರೆ ಅಪವಾದ ಅದರ ತಲೆಗೆ ಬರುವುದು ಸಹಜ. ಅದಲ್ಲದೆ ಪಂಪುಗಳೆಲ್ಲ ಏಕಕಾಲದಲ್ಲಿ ಕೆಲಸಮಾಡುತ್ತಿರುವುದಿಲ್ಲ. ಕೆಲಸದಲ್ಲಿರುವ ಪಂಪು ಮಾತ್ರ ಮದ್ದಿನ ಕೈಗೆ ಸಿಕ್ಕುವುದು. ಮತ್ತೆ ಆರಂಭಿಸಿದ ಮದ್ದು ಪೂರ್ಣ ಪರಿಣಾಮಕ್ಕೆ ಬರಲು ಮೂರರಿಂದ ಐದು ದಿನ ಬೇಕು. ಬೆಳಗಿನ ಉಪಾಹಾರಕ್ಕೆ ಅರ್ಧ ಗಂಟೆ ಮೊದಲು ಸೇವಿಸುವುದನ್ನು ಬಿಟ್ಟು ಊಟದ ನಂತರ ಸೇವಿಸಿದರೂ ಫಲ ಕುಂದುತ್ತದೆ. ಅಗ್ಗದ್ದು ಕೀಳೆಂಬ ನಂಬಿಕೆಯೂ ತನ್ನ ಕೈವಾಡವನ್ನು ತೋರಿಸುತ್ತದೆ. ಹುಸಿಗುಳಿಗೆಯಿಂದಲೂ ತಲೆನೋವು, ಹೊಟ್ಟೆನೋವುಗಳಾದವೆಂದು ಹೇಳುವವರು ಎಲ್ಲ ಔಷಧ ಪರೀಕ್ಷೆಗಳಲ್ಲಿಯೂ ಇರುತ್ತಾರೆ. ಅವರು ಸುಳ್ಳು ಹೇಳುವುದಿಲ್ಲ. ನೋವು ಅವರಿಗೆ ನಿಜವಾಗಿಯೇ ಆಗುತ್ತದೆ.

ಓಮೆಪ್ರಜೋಲಿನ ಮಟ್ಟಿಗೆ ಒಂದು ಸಮಾಧಾನವುಂಟು. ಅದರ ಪರಿಣಾಮ ರಕ್ತದಲ್ಲಿನ ಕ್ಷಣಿಕ ಏರಿಳಿತವನ್ನು ಅವಲಂಬಿಸಿಲ್ಲವೆಂದು ಹಿಂದೆ ನೋಡಿದೆವಲ್ಲವೆ? ಆದಕಾರಣ ಶಿಖರದ ಎತ್ತರದಲ್ಲಿ ನೂರಕ್ಕೆ ನಾಲ್ಕೈದರ ವ್ಯತ್ಯಾಸ ಜಠರಕ್ಕೆ ತಿಳಿಯುವಂತಹುದಲ್ಲ. ಫೆನಿಟಾಯಿನ್, ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಮುಂತಾದವುಗಳ ವಿಷಯ ಹಾಗಲ್ಲ. ಅವುಗಳಲ್ಲಿ ಸಾಲದ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ಅಂತರ ಕಿರಿದು. ಅವನ್ನು ಬದಲಾಯಿಸುವಾಗ ವೈದ್ಯರ ಕಣ್ಣಳತೆಯಲ್ಲಿಯೇ ಇರಬೇಕು.

ಗುಳಿಗೆಯನ್ನು ಬದಲಾಯಿಸುವ ಮನೆಯಲ್ಲಿ ವಿದ್ಯಾರ್ಥಿಗಳು ಮಾಡಬಹುದಾದ ಕೆಲಸವೊಂದಿದೆ. ಎರಡು ಸ್ಟ್ರಿಪ್ಪುಗಳನ್ನೂ ಪಕ್ಕದಲ್ಲಿಟ್ಟು ದೊಡ್ಡ ಹೆಸರನ್ನು ಬಿಟ್ಟು ಸಣ್ಣ ಅಕ್ಷರಗಳನ್ನು ಓದಬೇಕು. ಸಾಮಾನ್ಯನಾಮ, ಮಿಲಿಗ್ರಾಮು, ಕರುಳಿನಲ್ಲಿ ಕರಗುವ ಹೊದಿಕೆಯ ಉಲ್ಲೇಖ ಇವು ಹೊಂದಬೇಕು, ತೀರುವ ತಾರೀಖು ದಾಟಿರಬಾರದು. ನಮ್ಮ ದೇಶದಲ್ಲಿ ಮಾರಾಟವಾಗುವ ಎಷ್ಟೋ ಕ್ಯಾಪ್ಸೂಲುಗಳಲ್ಲಿ ಓಮೆಪ್ರಜೋಲಿನೊಡನೆ ಡಾಂಪೆರಿಡೋನ್ ಎಂಬ ಇನ್ನೊಂದು ಮದ್ದೂ ಇರುತ್ತದೆ. ವ್ಯಾಪಾರನಾಮದ ಕೊನೆಯಲ್ಲಿ ‘ಡಿ’ ಎಂಬ ಒಂದಕ್ಷರವೇ ಅದರ ಗುರುತು. ಅದರ ಬದಲು ಬರಿಯ ಓಮೆಪ್ರಜೋಲ್ ತಂದರೆ ಎರಡು ಮದ್ದಿನಲ್ಲಿ ಒಂದು ಕೈಬಿಟ್ಟಂತಾಯಿತು, ಆಗ ವ್ಯತ್ಯಾಸ ತೋರಿದರೆ ಆಶ್ಚರ್ಯವಿಲ್ಲ. ವೈದ್ಯರು ಬರೆದ ಮದ್ದನ್ನು ಅಂಗಡಿಯವನು ತಾನಾಗಿಯೇ ಬದಲಾಯಿಸಲು ಇಲ್ಲಿನ ನಿಯಮ ಅವಕಾಶ ಕೊಡುವುದಿಲ್ಲವಾದುದರಿಂದ ಚೀಟಿಯನ್ನು ಬರೆದವರನ್ನೇ ಕೇಳುವುದು ಕ್ರಮ. ಬದಲಾಯಿಸಿದ ದಿನದಿಂದ ಎರಡು ವಾರ, ಸೇವಿಸಿದ ಹೊತ್ತು, ಊಟದ ಹೊತ್ತು, ಉರಿಯ ಹೊತ್ತು ಇಷ್ಟನ್ನು ಕಾಗದದ ಮೇಲೆ ಗುರುತು ಹಾಕಿ ತೋರಿಸಿದರೆ ವೈದ್ಯರಿಗೆ ಉಪಕಾರವಾಗುತ್ತದೆ. ನುಂಗುವಾಗ ಅನ್ನ ಸಿಕ್ಕಿಕೊಳ್ಳುವುದು, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತವಾಂತಿ, ಡಾಂಬರಿನಂತಹ ಕಪ್ಪು ಮಲ, ಎದೆನೋವು ತೋಳಿಗೋ ದವಡೆಗೋ ಹರಿಯುವುದು ಇವುಗಳಲ್ಲಿ ಯಾವುದು ಕಂಡರೂ ಎರಡು ವಾರ ಕಾಯದೆ ಆಗಲೇ ಆಸ್ಪತ್ರೆಗೆ ಕರೆದೊಯ್ಯಬೇಕು.